ಅರ್ಧಕ್ಕೆ ನಿಂತ ಕರೆಗಳು

ಅಕ್ಕನಿಗೆ ಅನುಮಾನ ಹುಟ್ಟಿದ್ದು ಭಾವ ತಮ್ಮ ಬನಿಯನ್ನನ್ನು ತಾವೇ ಒಗೆದುಕೊಂಡ ದಿನ. ಮದುವೆಯಾದಾಗಿನಿಂದ ಒಂದು ಕರವಸ್ತ್ರವನ್ನೂ ನೀರಿಗೆ ಹಾಕದ ಮನುಷ್ಯ, ಅದೂ ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡವಳ ಗಂಡ, ಬೆಳಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಬನಿಯನ್ನು ಉಜ್ಜಿ ಹಿಂಡಿ, ಅಡುಗೆಮನೆಯ ಹಿಂದಿನ ಕಿಟಕಿಯ ಸರಳಿಗೆ ಯಾರ ಕಣ್ಣಿಗೂ ಬೀಳದಂತೆ ಒಣಹಾಕಿದ್ದರು. ಅಕ್ಕ ಅದನ್ನು ಹಸಿಹಸಿಯಾಗಿಯೇ ಅಂಗಡಿಗೆ ತಂದು ಇಸ್ತ್ರಿ ಮೇಜಿನ ಮೇಲೆ ಹರಡಿದಳು. ಎದೆಯ ಭಾಗದ ಒಳಮಗ್ಗುಲಲ್ಲಿ ಬಿಲ್ಲೆಯಷ್ಟಗಲದ ಗುಂಡನೆಯ ಕಲೆಗಳು. ಬೆರಳಿಟ್ಟರೆ ಅಂಟುತ್ತಿತ್ತು.

"ಲಿಪ್‌ಸ್ಟಿಕ್ ಆಗಿದ್ರೆ ಒಂದು ಲೆಕ್ಕಕ್ಕೆ ಸಿಗೋದು. ಗೋಂದು ಯಾಕೆ ಕಣೇ?" ಎಂದಳು.

ನನಗೂ ಬಗೆಹರಿಯಲಿಲ್ಲ. ನಾನು ಆ ಅಂಗಡಿಯ ಕೌಂಟರಿನವಳು. ಬಟ್ಟೆ ಇಸಿದುಕೊಳ್ಳುವುದು, ಚೀಟಿ ಹರಿದು ಕೊಡುವುದು, ಗಿರಾಕಿಗಳ ಬಾಯಿಗೆ ಬಾಯಿ ಕೊಡುವುದು ನನ್ನ ಪಾಲಿನ ಕೆಲಸ. ಕಲೆ ತೆಗೆಯುವುದು, ಇಸ್ತ್ರಿ ಮಾಡುವುದು ಅಕ್ಕನದು. ಒಗೆಯುವ ಮುಂಚೆ ಜೇಬು ತಡಕುವುದೂ ಅವಳದೇ. ಇಷ್ಟು ವರ್ಷ ಊರವರ ಜೇಬು ತಡಕಿ ತಡಕಿ ಅವಳಿಗೆ ಮನುಷ್ಯರ ಬಗ್ಗೆ ಹೆಚ್ಚಿನ ಭ್ರಮೆಗಳೇನೂ ಉಳಿದಿರಲಿಲ್ಲ. ಆದರೆ ಭಾವನ ಜೇಬಿನಲ್ಲಿ ಬಸ್ಸಿನ ಟಿಕೆಟ್ಟು, ಕೆಮ್ಮಿನ ಮಿಠಾಯಿಯ ಕಾಗದ ಬಿಟ್ಟರೆ ಯಾವತ್ತೂ ಏನೂ ಸಿಕ್ಕಿದ್ದಿಲ್ಲ. ಅದೂ ಈಗ ಅವಳಿಗೆ ಅನುಮಾನಕ್ಕೇ ಕಾರಣವಾಯಿತು. ಬಚ್ಚಿಡುವುದು ಚೆನ್ನಾಗಿ ಗೊತ್ತಿದ್ದವರ ಜೇಬು ಮಾತ್ರ ಅಷ್ಟು ಖಾಲಿಯಿರುತ್ತದೆ ಎಂದಳು.

ಭಾವ ತುರ್ತು ಆಂಬ್ಯುಲೆನ್ಸ್ ಕರೆ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಊರಿನಲ್ಲಿ ಯಾರಿಗೇ ಎದೆ ಹಿಡಿಯಲಿ, ಯಾರೇ ಮೆಟ್ಟಿಲಿಂದ ಉರುಳಲಿ, ಫೋನು ಮಾಡಿದವರಿಗೆ ಮೊದಲು ಕೇಳಿಸುವುದು ಅವರ ದನಿ. ಆ ಕಡೆಯವರು ಎಷ್ಟೇ ಕಿರುಚಿದರೂ ಈ ಕಡೆ ಒಂದಿಷ್ಟೂ ಏರದ ದನಿ. ಜೊತೆ ಕೆಲಸದವರು ಅವರಿಗೆ 'ತಣ್ಣೀರು' ಎಂದು ಅಡ್ಡಹೆಸರಿಟ್ಟಿದ್ದರು. ಮನೆಯಲ್ಲೂ ಅದೇ ತಣ್ಣೀರು. ಅಕ್ಕ ಜಗಳಕ್ಕೆ ನಿಂತರೆ, ಸಮಾಧಾನ, ಮೊದಲು ಉಸಿರು ತಗೋ, ಈಗ ನಿಧಾನವಾಗಿ ಹೇಳು ಎನ್ನುತ್ತಿದ್ದರು. ಅದರಿಂದ ಅವಳ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಅಂಥವರು ಕೆಲವು ತಿಂಗಳಿಂದ ಮನೆಗೆ ಬಂದೊಡನೆ ಫೋನು ಆರಿಸಿ ಕಪಾಟಿಗೆ ಹಾಕತೊಡಗಿದ್ದರು. ಅಕ್ಕ ಹಗಲಿನಲ್ಲಿ ಕರೆ ಮಾಡಿದರೆ ಎತ್ತುತ್ತಿರಲಿಲ್ಲ. ಮನೆಯ ಕರೆಗಂಟೆ ಕೆಟ್ಟಿದೆ ಎಂದು ಬಿಚ್ಚಿಟ್ಟವರು ಮತ್ತೆ ಹಾಕಲೇ ಇಲ್ಲ. ಕುಕ್ಕರ್ ಕೂಗಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ಇದನ್ನೆಲ್ಲ ಅಕ್ಕ ಕೆಲಸದ ಆಯಾಸ ಎಂದು ಬಿಟ್ಟಿದ್ದಳು. ಬನಿಯನ್ನು ಸಿಕ್ಕ ಮೇಲೆ ಒಂದೊಂದನ್ನೂ ಹಿಂದಕ್ಕೆ ಎಳೆದು ತಂದು ಮತ್ತೆ ತೂಗಿದಳು. ಹೆಂಡತಿ ಕರೆ ಮಾಡಿದರೆ ಯಾಕೆ ಎತ್ತುವುದಿಲ್ಲ? ಪಕ್ಕದಲ್ಲಿ ಯಾರೋ ಇದ್ದಾರೆ. ಫೋನು ಯಾಕೆ ಆರಿಸಿಡುವುದು? ಯಾರೋ ಮಾಡುತ್ತಾರೆ. ನಾನು ಕರೆಗಂಟೆಗೇನು ಹೇಳುತ್ತೀಯ ಎಂದೆ. ಅದು ಕೂಡ ಒಳ್ಳೆಯದಕ್ಕಲ್ಲ ಎಂದಳು.

ನೇರವಾಗಿ ಕೇಳಿಬಿಡು ಎಂದು ನಾನು ಹೇಳಿದ್ದೆ. ಕೇಳಿದರೆ ಆ ತಣ್ಣನೆಯ ದನಿಯಲ್ಲಿ ಏನೋ ಒಂದು ಹೇಳಿ ನಂಬಿಸಿಬಿಡುತ್ತಾರೆ, ಸಾಯುವವರನ್ನೇ ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವವರಿಗೆ ನಾನೊಬ್ಬಳು ಯಾವ ಲೆಕ್ಕ ಎಂದಳು. ಅದಕ್ಕೇ ಒಂದು ಮಧ್ಯಾಹ್ನ, ಮರೆತುಹೋದ ಸ್ವೆಟರ್ ಕೊಡುವ ನೆಪ ಮಾಡಿಕೊಂಡು ಕರೆ ಕೇಂದ್ರಕ್ಕೇ ಹೋದಳು. ಒಳಗೆ ಬಿಡಲಿಲ್ಲ. ಪಾಳಿಯ ಮೇಲ್ವಿಚಾರಕರು ತಾವೇ ಹೊರಗೆ ಬಂದರು. ಬಂದವರು ಸ್ವೆಟರ್ ಕಡೆ ನೋಡಿ, ಅಕ್ಕನ ಮುಖ ನೋಡಿ, ಈಗ ಹೇಗಿದ್ದಾರೆ ನಮ್ಮ ತಣ್ಣೀರು, ಈ ಎರಡು ತಿಂಗಳ ರಜೆಯಲ್ಲಿ ಸ್ವಲ್ಪ ಚೇತರಿಸಿಕೊಂಡರಾ ಎಂದು ಕೇಳಿದರು.

ಅಕ್ಕ ಪರವಾಗಿಲ್ಲ, ದೇವರು ದೊಡ್ಡವನು ಎಂದಳಂತೆ. ತನಗೆ ಎಲ್ಲ ಗೊತ್ತಿದೆ ಎನ್ನುವ ಹಾಗೆ ತಲೆ ಆಡಿಸಿದಳಂತೆ. ಅಂಗಡಿಗೆ ಬಂದವಳು ಯಾರದೋ ಮನೆಯ ಪರದೆಗಳನ್ನು ಇಸ್ತ್ರಿ ಮಾಡಲು ನಿಂತಳು. ಕೊನೆಗೆ ತಲೆ ಎತ್ತದೆಯೇ, ಎರಡು ತಿಂಗಳಿಂದ ಕೆಲಸಕ್ಕೇ ಹೋಗಿಲ್ಲವಂತೆ, ಆದರೆ ದಿನಾ ಡಬ್ಬಿ ತುಂಬಿಸಿಕೊಂಡು ಹೋಗಿ ಖಾಲಿ ಮಾಡಿಕೊಂಡು ಬರುತ್ತಾರೆ, ನನ್ನ ಅಡುಗೆಯನ್ನು ಯಾರ ಜೊತೆ ಕೂತು ತಿನ್ನುತ್ತಿದ್ದಾರೆ ಎಂದು ಕೇಳಿದಳು. ರಜೆ ಯಾಕೆ ಎಂದು ವಿಚಾರಿಸಬೇಕು ಅನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾವಿಬ್ಬರೂ ಆಗಲೇ ಉತ್ತರ ಇಟ್ಟುಕೊಂಡು ಕೂತಿದ್ದೆವು.

ಹಿಂಬಾಲಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಎಂದಿನಂತೆ ಡಬ್ಬಿಯ ಚೀಲ ಹಿಡಿದು ಹೊರಟರು. ಬಸ್ ನಿಲ್ದಾಣದವರೆಗೆ ಸರಿಯಾಗಿಯೇ ನಡೆದು, ಬಸ್ಸು ಬಂದರೂ ಹತ್ತದೆ, ಪಕ್ಕದ ರಸ್ತೆಗೆ ತಿರುಗಿದರು. ಟೈರ್ ಅಂಗಡಿ, ಬಾಗಿಲು ಹಾಕಿದ ಪೀಠೋಪಕರಣದ ಗೋದಾಮು ದಾಟಿದ ಮೇಲೆ ಹಿಂದೊಮ್ಮೆ ಫೋಟೋ ಸ್ಟುಡಿಯೋ ಆಗಿದ್ದ ಮಳಿಗೆಯೊಂದಿತ್ತು. ಗಾಜಿಗೆಲ್ಲ ಒಳಗಿಂದ ಕಪ್ಪು ಕಾಗದ ಅಂಟಿಸಿದ್ದರು. ಭಾವ ಶಟರ್ ತಟ್ಟಿದರು. ತೆಗೆದವಳು ಮೂವತ್ತರ ಆಸುಪಾಸಿನವಳು, ತಲೆ ತುಂಬ ಗುಂಗುರು ಕೂದಲು, ಗಂಡಸರ ಅಂಗಿ. ಭಾವನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡಳು. ಶಟರ್ ಅರ್ಧಕ್ಕೆ ಇಳಿಯಿತು.

ನೋಡಿದ್ದನ್ನು ನೋಡಿದಂತೆಯೇ ಹೇಳಿದೆ. ಗುಂಗುರಮ್ಮ ಎಂದು ಹೆಸರನ್ನೂ ಇಟ್ಟೆ. ಅಕ್ಕ ಅಳಲಿಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿಸಿ ನನ್ನನ್ನೂ ಕರೆದುಕೊಂಡು ತಾನೇ ಹೋದಳು. ಶಟರಿನ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತೆವು. ಒಳಗೆ ಫೋನು ರಿಂಗಾಯಿತು. ಮತ್ತೆ ರಿಂಗಾಯಿತು. ಆಮೇಲೆ ಭಾವನ ದನಿ, ಅದೇ ಕೆಲಸದ ದನಿ: "ಹೇಳಿ, ನಾನು ಕೇಳಿಸ್ಕೊಳ್ತಿದ್ದೀನಿ." ಹೆಂಗಸೊಬ್ಬಳು ಏನೋ ಪಿಸುಗುಟ್ಟಿದಳು. ಆಮೇಲೆ ಇಬ್ಬರೂ ಜೋರಾಗಿ ನಕ್ಕರು.

ಭಾವ ನಕ್ಕಿದ್ದನ್ನು ಕೇಳಿ ನನಗೆ ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಅಕ್ಕನಿಗೂ ಹಾಗೆಯೇ ಇದ್ದಿರಬೇಕು. ಅವಳ ಮುಖ ಬಿಳುಚಿದ್ದು ಪಿಸುಮಾತಿಗಲ್ಲ, ಆ ನಗುವಿಗೆ.

ವಾಪಸು ತಿರುಗುವಾಗ ಬಾಗಿಲಿನ ಮೇಲೆ ಅಂಟಿಸಿದ್ದ ಭಿತ್ತಿಪತ್ರ ಕಣ್ಣಿಗೆ ಬಿತ್ತು. ಕಪ್ಪು ಹಾಳೆಯ ಮೇಲೆ ಬಿಳಿಯ ಗೆರೆ, ಕೆಳಗೆ 'ಕರೆ: ನೀವು ಮಾತಾಡಿ, ಗೋಡೆ ನೋಡಿ. ಶನಿವಾರ ಮಧ್ಯಾಹ್ನ, ಎಲ್ಲರಿಗೂ ಪ್ರವೇಶ' ಎಂದಿತ್ತು. ಎಲ್ಲರಿಗೂ ಅಂದರೆ ನಮಗೂ ಸೇರಿತಲ್ಲ ಎಂದಳು ಅಕ್ಕ.

ಶನಿವಾರ ಹೋದೆವು. ಅಕ್ಕ ತಲೆಯ ಮೇಲೆ ಶಾಲು ಹೊದ್ದು ಕಣ್ಣು ಮಾತ್ರ ಬಿಟ್ಟುಕೊಂಡಿದ್ದಳು. ಅಷ್ಟು ಮುಚ್ಚಿಕೊಂಡವಳನ್ನು ಎಲ್ಲರೂ ತಿರುಗಿ ನೋಡುತ್ತಿದ್ದರು. ಒಳಗೆ ಮಬ್ಬು. ಉದ್ದನೆಯ ಕೋಣೆ, ಒಂದು ಪಕ್ಕದ ಗೋಡೆ ಪೂರ್ತಿ ಬಿಳಿ. ನಡುವೆ ಸ್ಟೂಲುಗಳ ಮೇಲೆ ಹಳೆಯ ಕಾಲದ, ತಂತಿಯಿರುವ ಫೋನುಗಳು. ತುದಿಯಲ್ಲಿ ದಪ್ಪ ಕಪ್ಪು ಬಟ್ಟೆಯ ಮರೆ. ಹತ್ತು ಹನ್ನೆರಡು ಜನ ಬಂದಿದ್ದರು.

ಗುಂಗುರಮ್ಮ ಮುಂದೆ ಬಂದು ನಿಂತು ವಿವರಿಸಿದಳು. ಬಟ್ಟೆಯ ಆ ಕಡೆ ಒಬ್ಬರು ಕೂತಿದ್ದಾರೆ. ವರ್ಷಗಟ್ಟಲೆ ಜನರ ಕೆಟ್ಟ ಗಳಿಗೆಯ ಕರೆಗಳನ್ನು ಕೇಳಿದವರು, ಈಗ ಫೋನಿನ ಸದ್ದಿಗೇ ಎದೆ ನಡುಗುತ್ತದೆ ಅವರಿಗೆ. ಅದನ್ನು ಅವರು ಮಾತಿನಲ್ಲಿ ಹೇಳಲಾರರು, ಆದ್ದರಿಂದ ಗೋಡೆ ಹೇಳುತ್ತದೆ. ನೀವು ಫೋನೆತ್ತಿ ಏನು ಬೇಕಾದರೂ ಮಾತಾಡಬಹುದು. ಎಲ್ಲರಿಗೂ ಕೇಳಿಸುತ್ತದೆ. ಅವರ ಎದೆಗೆ ಅಂಟಿಸಿದ ಪಟ್ಟಿಗಳು ಬಡಿತವನ್ನು ಕಂಪ್ಯೂಟರಿಗೆ ಕಳಿಸುತ್ತವೆ, ಅದು ಚಿತ್ರವಾಗುತ್ತದೆ. ಅವರ ಕೈಯಲ್ಲಿ ಒಂದು ಗುಂಡಿ ಇದೆ, ಸಾಕೆನಿಸಿದಾಗ ಒತ್ತಿ ನಿಲ್ಲಿಸುತ್ತಾರೆ.

ಗೋಂದಿನ ಕಲೆಯ ಗುಟ್ಟು ಅಲ್ಲಿಗೆ ಬಯಲಾಯಿತು. ಅಕ್ಕ ಒಂದು ನಿಟ್ಟುಸಿರು ಬಿಡಬಹುದೆಂದು ಅವಳತ್ತ ನೋಡಿದೆ. ಶಾಲಿನೊಳಗಿನ ಕಣ್ಣು ಇನ್ನೂ ಕಿರಿದಾಗಿತ್ತು. "ಎದೆಗೆ ಅಂಟಿಸೋರು ಯಾರು? ಇವಳೇ ತಾನೆ?" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮೊದಲು ಒಬ್ಬ ಮುದುಕರು ಫೋನೆತ್ತಿದರು. ಕಳೆದುಹೋದ ತಮ್ಮ ನಾಯಿಯ ಬಗ್ಗೆ ಹೇಳಿದರು. ಭಾವನ ದನಿ, ಯಾವ ಬಣ್ಣದ ನಾಯಿ, ಎಲ್ಲಿ ಕೊನೆಯ ಸಲ ನೋಡಿದಿರಿ ಎಂದು ಮೆತ್ತಗೆ ಕೇಳುತ್ತಿತ್ತು. ಗೋಡೆಯ ಕೆಳಗಿನ ಮೂಲೆಯಿಂದ ನೀಲಿ ಗೆರೆಯೊಂದು ಹುಟ್ಟಿ, ಕವಲೊಡೆಯುತ್ತಾ, ಪ್ರತಿ ಬಡಿತಕ್ಕೂ ಒಂದಿಷ್ಟು ಮುಂದೆ ಸರಿಯುತ್ತಾ ಬೆಳೆಯಿತು. ಮುದುಕರು ಮಾತು ಸಾಕಾಗಿ ಫೋನಿಟ್ಟರು. ಗೆರೆ ಅಲ್ಲೇ ತುಂಡಾಗಿ ನಿಂತಿತು. ಆಮೇಲೆ ಕಾಲೇಜು ಹುಡುಗಿಯೊಬ್ಬಳು, ಆಮೇಲೆ ಕೆಲಸ ಹೋದವನೊಬ್ಬ. ಒಬ್ಬೊಬ್ಬರದೂ ಒಂದೊಂದು ಗೆರೆ, ಒಂದೊಂದೂ ಎಲ್ಲೋ ನಡುವೆ ತುಂಡು. ನೋಡನೋಡುತ್ತಾ ಗೋಡೆ ತುಂಬ ಹರಿದ ದಾರಗಳು ನೇತಾಡಿದ ಹಾಗೆ ಕಾಣತೊಡಗಿತು. ಭಾವನ ದನಿ ಮಾತ್ರ ಎಂದಿನಂತೆ ಸಮ. ಆದರೆ ಗೆರೆಗಳು ನಡುಗುತ್ತಿದ್ದವು. ಆ ದನಿಯನ್ನಷ್ಟೇ ಕೇಳಿದ್ದ ನಮಗೆ ಅದರ ಕೆಳಗೆ ಏನು ನಡೆಯುತ್ತದೆ ಎನ್ನುವುದು ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಆಗ ಇಸ್ತ್ರಿ ಹಾಕಿದ ಕೋಟಿನ ಒಬ್ಬ, ಜೊತೆಗಾರರ ಕಡೆ ಕಣ್ಣು ಹೊಡೆದು ಫೋನೆತ್ತಿದ. ಏದುಸಿರು ಬಿಡುತ್ತಾ, ಬೇಗ ಬನ್ನಿ, ನಮ್ಮಮ್ಮ ಉಸಿರಾಡ್ತಿಲ್ಲ, ಬೇಗ ಎಂದು ಶುರು ಮಾಡಿದ. ಭಾವ ವಿಳಾಸ ಕೇಳಿದರು. ಅವರ ಎದೆಯ ಮೇಲೆ ಅಂಗೈ ಇಡಿ, ನಾನು ಎಣಿಸುತ್ತೇನೆ, ನೀವು ಒತ್ತಿ ಎಂದರು. ಎಣಿಸತೊಡಗಿದರು. ಗೋಡೆಯ ಮೇಲೆ ನೀಲಿ ಹೋಗಿ ಕಂದು ಬಂತು, ಗೆರೆಗಳು ಒಂದರ ಮೇಲೊಂದು ಹತ್ತಿ ಗಂಟುಗಂಟಾದವು. ಕೋಟಿನವನು ನಗು ತಡೆಯಲಾರದೆ ಕಿಸಕ್ಕೆಂದು ಫೋನಿಟ್ಟುಬಿಟ್ಟ.

"ಹಲೋ," ಎಂದರು ಭಾವ. "ಹಲೋ. ಕೇಳಿಸ್ತಿದೆಯಾ? ಹಲೋ."

ಗೋಡೆ ಹುಚ್ಚೆದ್ದಿತು. ಕಪ್ಪು ಗೆರೆಗಳು ಚಾವಣಿಯವರೆಗೂ ಚಿಮ್ಮಿದವು. ಗುಂಡಿ ಒತ್ತಿದ ಸುಳಿವಿಲ್ಲ. ಅಕ್ಕ ನೋಡುತ್ತಿದ್ದುದು ಗೋಡೆಯನ್ನಲ್ಲ, ಗುಂಗುರಮ್ಮನನ್ನು. ನಾನೂ ನೋಡಿದೆ. ಅವಳು ಕಂಪ್ಯೂಟರಿನ ಮುಂದೆ ನಿಂತಿದ್ದಳು, ಕೈ ಕೀಲಿಗಳ ಮೇಲಿತ್ತು, ಏನನ್ನೂ ಒತ್ತುತ್ತಿರಲಿಲ್ಲ. ಅವಳ ದೃಷ್ಟಿ ಬಟ್ಟೆಯ ಮರೆಯ ಕಡೆಗಿರಲಿಲ್ಲ, ಗೋಡೆಯ ಮೇಲಿತ್ತು.

ಅಕ್ಕ ಹತ್ತಿರದ ಫೋನೆತ್ತಿದಳು.

"ಹೇಳಿ, ಎಲ್ಲಿಂದ ಮಾತಾಡ್ತಿದ್ದೀರಿ?"

"ಪರದೆಯ ಈ ಕಡೆಯಿಂದ," ಎಂದಳು ಅಕ್ಕ. "ನಾನು ರೀ."

ಗೋಡೆಯ ಮೇಲೆ ಒಂದು ಗೆರೆ ನಿಂತಲ್ಲೇ ನಿಂತು ಅದುರಿತು.

"ಎರಡು ತಿಂಗಳು," ಎಂದಳು ಅಕ್ಕ. "ಡಬ್ಬಿ ಕಟ್ಟಿಸ್ಕೊಂಡು ದಿನಾ ಇಲ್ಲಿಗೆ ಬರ್ತಿದ್ರಿ. ಊರೋರಿಗೆಲ್ಲ ತೋರಿಸ್ತೀರಿ, ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಏನಾಯ್ತು ಅಂತ ಕೇಳ್ತಿದ್ದೆ," ಎಂದರು ಭಾವ. "ಏನೂ ಆಗಿಲ್ಲ ಕಣೇ. ಏನಾಯ್ತು ಅನ್ನೋದೇ ನನಗೆ ಗೊತ್ತಾಗಲ್ಲ. ಗಾಡಿ ಬಂದ ತಕ್ಷಣ ಅವರು ಫೋನ್ ಇಡ್ತಾರೆ. ಆ ಮಗು ಉಸಿರಾಡ್ತೋ, ಆ ಹೆಂಗಸು ಎದ್ಲೋ, ಒಂದೂ ಗೊತ್ತಿಲ್ಲ. ಮರುಕ್ಷಣ ಇನ್ನೊಂದು ಕರೆ. ಎಲ್ಲ ಅರ್ಧರ್ಧ. ಮನೆಗೆ ಬಂದ್ರೆ ಆ ಅರ್ಧಗಳೆಲ್ಲ ತಲೆಯೊಳಗೆ ರಿಂಗಾಗ್ತಾ ಇರ್ತವೆ. ನೀನು ಕರೆ ಮಾಡಿದ್ರೂ ಅದೇ ಸದ್ದು ಅಲ್ವಾ."

ಕೋಟಿನವನು ತಲೆ ತಗ್ಗಿಸಿದ್ದ. ಅಕ್ಕನಿಗೆ ಆಗ ಜನ ಇದ್ದಾರೆನ್ನುವುದು ನೆನಪಾಯಿತೇನೋ, ಸುತ್ತ ನೋಡಿದಳು. ತನ್ನ ಗಂಡನ ಒಳಗಿನ ಮಾತಿಗೆ ಇಷ್ಟು ಕಿವಿಗಳು. ಫೋನನ್ನು ಕೈಬಿಟ್ಟು ನೇರ ಹೋಗಿ ಕಪ್ಪು ಬಟ್ಟೆಯನ್ನು ಎಳೆದಳು. ಉಂಗುರಗಳ ಸಮೇತ ಅದು ಕೆಳಗೆ ಬಂತು.

ಭಾವ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಂಗಿಯ ಗುಂಡಿ ಬಿಚ್ಚಿತ್ತು, ಎದೆಯಿಂದ ತಂತಿಗಳು ಹೊರಟಿದ್ದವು, ಮುಖದಲ್ಲಿ ಬೆವರು. ನಿಲ್ಲಿಸುವ ಗುಂಡಿ ಕೈಯಲ್ಲೇ ಇತ್ತು. ಹೆಬ್ಬೆರಳು ಅದರ ಪಕ್ಕದಲ್ಲಿತ್ತು, ಮೇಲಿರಲಿಲ್ಲ.

ಜನರನ್ನು ಕಳಿಸಿ ಶಟರ್ ಇಳಿಸಿದ ಮೇಲೆ ಜಗಳ ಶುರುವಾಯಿತು. ಅಕ್ಕ ಗಂಡನನ್ನು ಬಿಟ್ಟು ಗುಂಗುರಮ್ಮನನ್ನೇ ಹಿಡಿದುಕೊಂಡಳು. ಆ ಮನುಷ್ಯ ಒದ್ದಾಡುತ್ತಿದ್ದಾಗ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದಳು. ನಿಲ್ಲಿಸುವುದು ಅಣ್ಣನ ಕೈಯಲ್ಲೇ ಇದೆ, ಅವರೇ ಹಾಗೆ ಬೇಕೆಂದದ್ದು ಎಂದಳು ಅವಳು.

"ಮುಳುಗೋನ ಕೈಗೆ ಹಗ್ಗ ಕೊಟ್ಟು ದಡದಲ್ಲಿ ನಿಂತು ಚಿತ್ರ ಬಿಡಿಸ್ತೀಯಾ?"

ಗುಂಗುರಮ್ಮ, ತಾನೂ ಭಾವನೂ ಪರಿಚಯವಾದದ್ದು ಆಸ್ಪತ್ರೆಯಲ್ಲಿ, ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಂದಳು. ಅವಳದು ಹಳೆಯ ಕಾಯಿಲೆ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ, ಎದ್ದಾಗ ಹೀಗೆ ಏನಾದರೂ ಮಾಡುತ್ತಾಳೆ. ಬೆಂಚಿನ ಮೇಲೆ ಅವಳ ಫೋನು ರಿಂಗಾದಾಗ ಪಕ್ಕದಲ್ಲಿದ್ದ ಭಾವ ಎದ್ದು ಗೋಡೆಗೆ ಮುಖ ಮಾಡಿ ನಿಂತರಂತೆ. ಯಾಕೆ ಎಂದು ಕೇಳಿದ್ದಳು. ಅವರಿಗೆ ಹೇಳಲಾಗಲಿಲ್ಲ. ಹೇಳಬೇಡಿ, ತೋರಿಸಿ ಎಂದಳಂತೆ. ನಾವು ಶಟರಿನ ಹೊರಗೆ ನಿಂತು ಕೇಳಿದ ನಗುವಿಗೂ ಅರ್ಥ ಸಿಕ್ಕಿತು. ಅಭ್ಯಾಸದ ಹೊತ್ತಿನಲ್ಲಿ ಫೋನು ರಿಂಗಾದರೂ ಭಾವನ ಗೆರೆ ನಡುಗದೆ ಇದ್ದದ್ದು ಅದೇ ಮೊದಲಂತೆ. ಆ ಖುಷಿಗೆ ನಕ್ಕಿದ್ದರು.

ಭಾವ ಎದೆಯ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ತೆಗೆದು, ಅಂಗಿ ಹಾಕಿಕೊಂಡು ಅಕ್ಕನ ಪಕ್ಕ ಬಂದು ನಿಂತರು. ಮಾತು ತಣ್ಣಗಾಗುತ್ತಿತ್ತು. ಅಕ್ಕನ ಶಾಲು ಜಾರಿತ್ತು, ಅದನ್ನು ಅವಳು ಸರಿಪಡಿಸಿಕೊಳ್ಳಲಿಲ್ಲ. ನಾನು ಮಾತ್ರ ಗೋಡೆ ನೋಡುತ್ತಿದ್ದೆ. ಗೋಡೆಯ ಮೇಲೆ ನೀಲಿ ಗೆರೆಯೊಂದು ಬಡಿತ ಬಡಿತಕ್ಕೂ ಬೆಳೆಯುತ್ತಲೇ ಇತ್ತು.

"ಭಾವ ಇಲ್ಲಿ ನಿಂತಿದ್ದಾರೆ," ಎಂದೆ. "ಅಲ್ಲಿ ಬಡೀತಿರೋದು ಯಾರದ್ದು?"

ಎಲ್ಲರೂ ತಿರುಗಿದರು. ಕಿತ್ತ ತಂತಿಗಳು ಕುರ್ಚಿಯ ಮೇಲೆ ಸತ್ತ ಹಾಗೆ ಬಿದ್ದಿದ್ದವು. ಗುಂಗುರಮ್ಮ ಓಡಿಹೋಗಿ ಏನೋ ಒತ್ತಿದಳು. ಗೋಡೆ ಬೆಳ್ಳಗಾಯಿತು. ಆದರೆ ನೋಡುವುದನ್ನು ನೋಡಿಯಾಗಿತ್ತು.

ಅವಳು ಒಪ್ಪಿಕೊಂಡಳು. ದಿನದಿನದ ಅಭ್ಯಾಸವನ್ನೆಲ್ಲ, ಬಡಿತ ದನಿ ಎರಡನ್ನೂ, ಕಂಪ್ಯೂಟರಿನಲ್ಲಿ ಉಳಿಸಿಟ್ಟಿದ್ದಳು. ತಂತಿ ಕಳಚಿದರೆ ಹಳೆಯ ಬಡಿತ ತಾನಾಗಿ ಓಡುವ ಹಾಗೆ ಹೊಂದಿಸಿದ್ದಳು. ಬೇರೆ ಊರೊಂದರಲ್ಲಿ ಭಾವನಿಲ್ಲದೆಯೇ ಇದನ್ನು ತೋರಿಸುವ ಮಾತುಕತೆಯೂ ನಡೆದಿತ್ತು. ಭಾವನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಯಾಕಮ್ಮ ಎಂದಷ್ಟೇ ಕೇಳಿದರು.

"ಒಂದಿನ ನೀವು ಬರದೇ ಹೋದ್ರೆ ಅಂತ ಭಯ ಇತ್ತು ಅಣ್ಣ. ನಿಮ್ಮ ಸ್ಥಿತಿ ನನಗೆ ಗೊತ್ತು. ನಂದೂ ಗೊತ್ತು." ಕಂಪ್ಯೂಟರಿನ ಕಡೆ ನೋಡಿ ಹೇಳಿದಳು, "ಇಷ್ಟು ಒಳ್ಳೆ ಕೆಲಸ ಕೈಬಿಟ್ಟು ಹೋಗಬಾರದು ಅನ್ನೋ ಆಸೇನೂ ಇತ್ತು. ಎರಡೂ ನಿಜ."

ನಮ್ಮ ಮುಂದೆಯೇ ಎಲ್ಲವನ್ನೂ ಅಳಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಅಳಿಸಿದೆ ಎಂದು ಬಂತು. ಆದರೆ ಅದರ ಒಳಗುಟ್ಟು ನಮ್ಮ ಮೂವರಲ್ಲಿ ಯಾರಿಗೂ ತಿಳಿಯದು. ಇನ್ನೊಂದು ಪ್ರತಿ ಎಲ್ಲಿದೆಯೋ ಯಾರಿಗೆ ಗೊತ್ತು ಎಂದು ಅಕ್ಕ ಬಸ್ಸಿನಲ್ಲಿ ಹೇಳಿದಳು. ಭಾವ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಆಮೇಲೆ ಅವರು ಅಕ್ಕನ ಮೇಲೂ ಸಿಟ್ಟಾದರು. ನಾನು ಗುಂಡಿ ಒತ್ತದೆ ತಡೆದುಕೊಳ್ಳುತ್ತಿದ್ದೆ, ಇನ್ನೊಂದು ಗಳಿಗೆಯಲ್ಲಿ ತಾನಾಗಿ ಇಳಿಯುತ್ತಿತ್ತು, ನೀನು ಬಂದು ಬಟ್ಟೆ ಕಿತ್ತೆ ಎಂದರು. ತಣ್ಣೀರು ಕುದಿಯುವುದನ್ನು ನಾನು ಕಂಡದ್ದು ಅಂದೇ. ಅಕ್ಕ ಮನೆಗೆ ಹೋಗಿ ಅವರಿಗೆ ಊಟಕ್ಕೆ ಬಡಿಸಿ, ಎದುರಿಗೇ ಕೂತಳು.

ಆಮೇಲಿನ ವಾರಗಳು ಸುಲಭದವಾಗಿರಲಿಲ್ಲ. ಭಾವ ಎಲ್ಲಿಗೂ ಹೋಗಲಿಲ್ಲ. ಗಡ್ಡ ಬೆಳೆಯಿತು. ಆಸ್ಪತ್ರೆಗೆ ಈಗ ಅಕ್ಕ ಜೊತೆಗೆ ಹೋಗುತ್ತಿದ್ದಳು, ಮೊದಮೊದಲು ವೈದ್ಯರನ್ನೂ ಅನುಮಾನದಿಂದಲೇ ನೋಡುತ್ತಿದ್ದಳು. ಹಗಲಲ್ಲಿ ಭಾವ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದರು. ಒಂದು ದಿನ, ಯಾರೂ ಕೇಳದೆ, ಮೆಟ್ಟಿಲ ಮೇಲೆ ಹೆರಿಗೆಯಾದ ಹೆಂಗಸಿನ ಕರೆಯ ಬಗ್ಗೆ ಹೇಳಿದರು. ಮಗು ಅತ್ತಿತಾ ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದರು. ಅತ್ತಿರುತ್ತದೆ ಬಿಡಿ ಎಂದಳು. ನಿನಗೆ ಹೇಗೆ ಗೊತ್ತು ಎಂದು ಅವರು ರೇಗಿದರು. ಅಂದಿನಿಂದ ಅವಳು ಕೊನೆ ಕಟ್ಟಿ ಹೇಳುವುದನ್ನು ಬಿಟ್ಟಳು. ಅವರು ಹೇಳಿದ್ದಕ್ಕೆ ಹೂಂಗುಡುತ್ತಾ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತಿದ್ದಳು, ಅಷ್ಟೆ. ಅರ್ಧದ ಕಥೆ ಅರ್ಧವಾಗಿಯೇ ಉಳಿಯುತ್ತಿತ್ತು. ಆದರೆ ಅದನ್ನು ಕೇಳಿದವರು ಈಗ ಇಬ್ಬರು. ನನ್ನನ್ನೂ ಸೇರಿಸಿದರೆ ಮೂವರು.

ಮತ್ತೆ ಆ ಕೋಣೆಗೆ ಹೋಗುತ್ತೇನೆ ಎಂದು ಭಾವನೇ ಹೇಳಿದಾಗ ನನಗೆ ತಲೆ ಕೆಟ್ಟಿತು. ಮೋಸ ಮಾಡಿದವಳ ಹತ್ತಿರ ಮತ್ತೆ ಯಾಕೆ ಎಂದೆ. ಗೋಡೆಯ ಮೇಲೆ ಗೆರೆಯಾಗಿರುವಾಗ ಆ ನಡುಕ ನನ್ನ ಹೊರಗಿರುತ್ತದೆ, ಅಷ್ಟು ಹೊತ್ತಾದರೂ ಹೊರಗಿರುತ್ತದೆ ಎಂದರು. ಅಕ್ಕ ಬಹಳ ಯೋಚಿಸಿ ತಾನೇ ಗುಂಗುರಮ್ಮನ ಬಳಿ ಹೋಗಿ ಷರತ್ತು ಹಾಕಿ ಬಂದಳು. ಏನನ್ನೂ ಉಳಿಸಿಕೊಳ್ಳುವಂತಿಲ್ಲ. ಕಪ್ಪು ಬಟ್ಟೆಯ ಮರೆಯೊಳಗೆ ಭಾವನ ಪಕ್ಕದಲ್ಲಿ ತನಗೊಂದು ಕುರ್ಚಿ. ಫೋನೆತ್ತಿದವರು ಯಾರೇ ಆಗಲಿ, ಹೇಳಲು ಹೊರಟದ್ದು ಕೊನೆಗೆ ಏನಾಯಿತು ಎಂದು ಹೇಳದೆ ಫೋನಿಡಬಾರದು. ಏನೂ ಆಗಲಿಲ್ಲ ಎಂದಾದರೂ ಹೇಳಬೇಕು. ಗುಂಗುರಮ್ಮ ಮೂರಕ್ಕೂ ಒಪ್ಪಿದಳು. ಅಷ್ಟು ಬೇಗ ಒಪ್ಪಿದಳಲ್ಲ ಎಂದು ನಾವಿಬ್ಬರೂ ಅದಕ್ಕೂ ತಲೆ ಕೆಡಿಸಿಕೊಂಡೆವು.

ಎರಡನೆಯ ಸಲದ ಪ್ರದರ್ಶನಕ್ಕೆ ಹೆಚ್ಚು ಜನ ಬಂದರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ಅಳೆದು ಒಳಗೆ ಬಿಟ್ಟೆ. ಆ ದಿನದ ಗೋಡೆ ಬೇರೆಯಾಗಿತ್ತು. ಗೆರೆಗಳು ನಡುಗುತ್ತಿದ್ದವು, ಹಾಗೇನೂ ಇಲ್ಲವೆಂದು ಹೇಳಲಾರೆ. ಆದರೆ ಪ್ರತಿಯೊಂದೂ ಎಲ್ಲಿಗೋ ಹೋಗಿ ಮುಟ್ಟುತ್ತಿತ್ತು. ಒಬ್ಬಾಕೆ ತಮ್ಮನ ಜೊತೆ ಮಾತು ಬಿಟ್ಟ ಕಥೆ ಹೇಳಿ, ಕೊನೆ ಇನ್ನೂ ಬಂದಿಲ್ಲ, ಏನು ಹೇಳಲಿ ಎಂದು ಕೇಳಿದಳು. ಹಾಗಾದರೆ ಇಡಬೇಡಿ, ಇನ್ನೂ ಸ್ವಲ್ಪ ಹೊತ್ತು ಇರಿ ಎಂದರು ಭಾವ. ಒಂದೆರಡು ಸಲ ಅವರು ಗುಂಡಿಯನ್ನೂ ಒತ್ತಿದರು. ಯಾರೂ ಗೊಣಗಲಿಲ್ಲ.

ಭಾವ ಕರೆ ಕೇಂದ್ರಕ್ಕೆ ಮರಳಲಿಲ್ಲ. ಮರಳುವುದಿಲ್ಲವೆಂದೇ ಕಾಣುತ್ತದೆ. ಒಳ್ಳೆಯ ದಿನಗಳಿವೆ, ಹಾಸಿಗೆಯಿಂದ ಏಳದ ದಿನಗಳೂ ಇವೆ. ಅಂಗಡಿಯ ಗಿರಾಕಿಗಳಿಗೆ ಈಗ ನನಗಿಂತ ಅವರೇ ಇಷ್ಟ. ನಾನು ಬಾಯಿಗೆ ಬಾಯಿ ಕೊಡುವ ಕಡೆ ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಮಳೆಗಾಲದ ಒಂದು ಶನಿವಾರ ನಾವು ಹೋದಾಗ ಶಟರ್ ಮುಚ್ಚಿತ್ತು. ಪ್ರದರ್ಶನಕ್ಕೆ ಬಂದವರು ಛತ್ರಿ ಹಿಡಿದು ನಿಂತಿದ್ದರು. ಗುಂಗುರಮ್ಮನ ಫೋನು ಆಫ್. ನೋಡಿದೆಯಾ, ಎಲ್ಲ ಎತ್ತಿಕೊಂಡು ಬೇರೆ ಊರಿಗೆ ಹಾರಿದ್ದಾಳೆ ಎಂದೆ ನಾನು. ಅಕ್ಕನ ಮುಖದಲ್ಲೂ ಅದೇ ಇತ್ತು. ಭಾವ ಮಾತ್ರ, ಹಾಗಲ್ಲ, ಅವಳ ಮನೆಗೆ ಹೋಗಿ ನೋಡಿ, ಬಂದ ಜನರನ್ನು ನಾನು ವಾಪಸು ಕಳಿಸುತ್ತೇನೆ ಎಂದರು.

ಅವಳ ಕೋಣೆ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಕಿಟಕಿ ಮುಚ್ಚಿ ಕತ್ತಲು ಮಾಡಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸುತ್ತ ಒಗೆಯದ ಬಟ್ಟೆಯ ರಾಶಿ, ನೀರಿಲ್ಲದ ಲೋಟಗಳು. ನಮ್ಮ ಹೆಜ್ಜೆಯ ಸದ್ದಿಗೆ ತಿರುಗಿ ನೋಡಿದಳು. ಆ ನೋಟದಲ್ಲಿ ನಮ್ಮ ಮೇಲೆ ಒಂದಿಷ್ಟೂ ನಂಬಿಕೆಯಿರಲಿಲ್ಲ.

"ಯಾಕೆ ಬಂದ್ರಿ? ಇನ್ನೊಂದು ಪ್ರತಿ ಇಟ್ಕೊಂಡಿದ್ದೀನಾ ಅಂತ ನೋಡೋಕಾ?"

"ಅದಕ್ಕೂ ಬಂದೆ," ಎಂದಳು ಅಕ್ಕ. ಮೂಲೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ಕಡೆ ಒಮ್ಮೆ ನೋಡಿಯೂ ನೋಡಿದಳು, ಆ ನೋಟವನ್ನು ಮುಚ್ಚಿಡಲಿಲ್ಲ. ಆಮೇಲೆ ಕಿಟಕಿ ತೆಗೆದಳು. "ಯಾವಾಗ ಊಟ ಮಾಡಿದ್ದು?"

ನೆನಪಿಲ್ಲ ಎಂದಳು ಗುಂಗುರಮ್ಮ.

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಕಡೆ ತಿರುಗಿ, ಕೆಳಗೆ ಹೋಗಿ ತಿನ್ನಲು ಏನಾದರೂ ಬಿಸಿಯದು ಹಿಡಿದುಕೊಂಡು ಬಾ ಎಂದಳು. ನಾನು ಹೊರಟೆ. ಬಾಗಿಲ ಹತ್ತಿರ ಹಿಂತಿರುಗಿ ನೋಡಿದಾಗ, ಅವರಿಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ಕೂತಿದ್ದರು. ಅಕ್ಕ ನೆಲದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.